ಸಕ್ಕರೆ ಡಬ್ಬಿಯ ಕೆಳಗಿನ ಪತ್ರ

ಚೆನ್ನೈನ ವಡಪಳನಿಯ ನಮ್ಮ ಕಟ್ಟಡದಲ್ಲಿ ಕನ್ನಡದವರ ಮನೆ ಎರಡೇ: ನಮ್ಮದು, ಮೇಲಿನ ಮಹಡಿಯವರದು. ಅವರು ಮೈಸೂರಿನಿಂದ ಬಂದು ಒಂದು ವರ್ಷವಾಗಿತ್ತು, ಅಷ್ಟೆ. ನಾನೋ ಇಲ್ಲೇ ಹುಟ್ಟಿ ಬೆಳೆದವಳು. ಆದರೂ ಕಟ್ಟಡದವರೆಲ್ಲ ಏನಿದ್ದರೂ ಆ ಮನೆಯಾಕೆಯನ್ನೇ ಕೇಳುತ್ತಿದ್ದರು. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ.

ಇಬ್ಬರ ಹೆಣ್ಣುಮಕ್ಕಳೂ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಆ ವರ್ಷ ಎಲ್ಲ ಶಾಲೆಗಳಿಗೂ ಒಂದೇ ಪ್ರಶ್ನೆಪತ್ರಿಕೆಯ ಪರೀಕ್ಷೆಯೊಂದು ಬಂತು. ಪಾಸು ಫೇಲಿಗೆ ಅದು ಲೆಕ್ಕಕ್ಕಿಲ್ಲ, ಶಾಲೆಯ ಮಟ್ಟ ಅಳೆಯಲು ಮಾತ್ರ. ಆದರೂ ಎರಡು ತಿಂಗಳು ಪಾಠ ಬಿಟ್ಟು, ಸರಿಯುತ್ತರದ ಮುಂದಿನ ಸೊನ್ನೆಗೆ ಶಾಯಿ ತುಂಬುವುದನ್ನೇ ಕಲಿಸಿದರು. ನನ್ನ ಮಗಳು ಬೆಳಿಗ್ಗೆ ತಿಂದ ಇಡ್ಲಿಯನ್ನು ವಾಂತಿ ಮಾಡತೊಡಗಿದಳು. ನಮ್ಮ ಹುಡುಗಿ ಈ ಪರೀಕ್ಷೆ ಬರೆಯುವುದಿಲ್ಲ ಎಂದು ಹೆಡ್ ಮಿಸ್ಸಿಗೆ ತಮಿಳಿನಲ್ಲಿ ಪತ್ರ ಬರೆದೆ. ತಾರೀಖು ಹಾಕಿ, ಧೈರ್ಯ ಬಂದಾಗ ಕೊಡೋಣವೆಂದು ಸಕ್ಕರೆ ಡಬ್ಬಿಯ ಕೆಳಗಿಟ್ಟೆ. ಮಗಳಿಗೂ ಹೇಳಲಿಲ್ಲ.

ನಾಲ್ಕು ದಿನ ಕಳೆದು ಮೇಲಿನ ಮನೆಯಾಕೆ ಮೆಟ್ಟಿಲ ಹತ್ತಿರ ಸಿಕ್ಕಳು.

"ನಮ್ಮ ಹುಡುಗಿ ಆ ಟೆಸ್ಟು ಬರೆಯಲ್ಲ ಅಂತ ಇವತ್ತು ಲೆಟರ್ ಕೊಟ್ಟುಬಿಟ್ಟೆ ಕಣ್ರೀ. ಹೆಡ್ ಮಿಸ್ಸು ಕೂರಿಸಿ ಕಾಫಿ ಕೊಟ್ರು! ನೀವೂ ಕೊಡಿ. ಬೇಕಾದ್ರೆ ನಾನೇ ಬರೆದುಕೊಡ್ತೀನಿ."

ಹೊಟ್ಟೆ ಉರಿದುಹೋಯಿತು. ಹೆಡ್ ಮಿಸ್ಸಿನ ಕೋಣೆಯಲ್ಲಿ ನನ್ನನ್ನು ಒಮ್ಮೆಯೂ ಯಾರೂ ಕೂರಿಸಿರಲಿಲ್ಲ. ಈಗ ಕೊಟ್ಟರೆ, ಇವಳನ್ನು ನೋಡಿ ಕೊಟ್ಟೆ ಅನ್ನುತ್ತಾರೆ.

"ನಮ್ಮನೇಲಿ ಪರೀಕ್ಷೆಗೆಲ್ಲ ಹೆದರಲ್ಲ ರೀ," ಅಂದುಬಿಟ್ಟೆ.

ಪರೀಕ್ಷೆಯ ದಿನ ಮೇಲಿನ ಮನೆಯವರು ಮಗಳನ್ನು ಕರೆದುಕೊಂಡು ಬೆಸೆಂಟ್ ನಗರದ ಬೀಚಿಗೆ ಹೊರಟರು. ನನ್ನ ಮಗಳು ಬಾಗಿಲಲ್ಲಿ ನಿಂತು ನೋಡಿದಳು. "ನಾನ್ ಮಟ್ಟುಂ ಏನ್ ಮಾ?" ಅಂದಳು, ನಾನು ಮಾತ್ರ ಯಾಕೆ ಅಂತ. ಕನ್ನಡದಲ್ಲಿ ಏನೇ ಹೇಳಿದರೂ ಅವಳ ಮಾತು ತಮಿಳಿನಲ್ಲೇ. ಬೈದು ಪರೀಕ್ಷೆಗೆ ಕಳಿಸಿದೆ.

ಸಂಜೆ ಬಂದವಳು ಕಾಫಿಗೆ ಸಕ್ಕರೆ ಹಾಕಿಕೊಳ್ಳಲು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಆ ಪತ್ರ ಹಿಡಿದು ನನ್ನ ಮುಂದೆ ಬಂದು ನಿಂತಳು. ಶಾಯಿ ಮೆತ್ತಿದ ಬೆರಳನ್ನು ತಾರೀಖಿನ ಮೇಲಿಟ್ಟು, ಎಂದೂ ಇಲ್ಲದೆ ಕನ್ನಡದಲ್ಲಿ ಕೇಳಿದಳು: "ಮೇಲಿನ ಮನೆಯವರಿಗಿಂತ ಮುಂಚೇನೇ ಬರೆದಿದ್ಯಲ್ಲಮ್ಮ. ಯಾಕೆ ಕೊಡ್ಲಿಲ್ಲ?"

ಮರೆತುಹೋಯಿತು ಅಂದೆ.

ಅವಳು ಪತ್ರವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಡಬ್ಬಿಯ ಕೆಳಗಿಟ್ಟು ಬಂದಳು. ಕಾಫಿ ಮುಟ್ಟಲಿಲ್ಲ.