ಹದ ಎಂಬ ಒಂದು ಮಾತು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗಿರಾಕಿ ಒಳಗೆ ಬಂದರೆ ಅಂಗಡಿಯವನು ಉಸಿರು ಬಿಗಿಹಿಡಿದು ಗೋಡೆಗೆ ಒರಗಬೇಕಾದಷ್ಟೇ ಅಗಲದ ಒಂದು ಅಂಗಡಿ. ಮೇಲೆ ಎರಡು ಕೋಣೆಯ ಮನೆ. ಅಂಗಡಿಯವನಿಗೆ ಹೆತ್ತವರು ಇಟ್ಟ ಹೆಸರು ಏನೋ ಇತ್ತು, ಅದೀಗ ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಎಲ್ಲರಿಗೂ ಅವನು ಬೀಗದಣ್ಣ. ಮೂವತ್ತೈದು ವರ್ಷದಿಂದ ಬೀಗ ಬಿಚ್ಚಿದ್ದಾನೆ, ಕೀಲಿಕೈ ಕೊರೆದಿದ್ದಾನೆ, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಮಹಾನುಭಾವರನ್ನು ಅವರವರ ಮನೆಗೆ ಸೇರಿಸಿದ್ದಾನೆ. ಕಿವಿ ಹೋಗಿದ್ದು ಹನ್ನೆರಡು ವರ್ಷದ ಕೆಳಗೆ. ಮೊದಲು ಎಡಗಿವಿ, ಆಮೇಲೆ ಬಲಗಿವಿ. ಯಂತ್ರ ಹಾಕಿಸಿಕೊಂಡು ನೋಡಿದ. ಅದರಲ್ಲಿ ಮಾತಿಗಿಂತ ಗೊರಗೊರವೇ ಹೆಚ್ಚಾಗಿ, ತೆಗೆದು ಮೂಲೆಗೆ ಹಾಕಿದ.

ಕಿವಿ ಹೋದವನ ಜೊತೆ ಜನ ಮಾತಾಡುವ ರೀತಿಯೇ ಬೇರೆ. ಮೊದಲ ತಿಂಗಳು ಗಟ್ಟಿಯಾಗಿ ಹೇಳುತ್ತಾರೆ, ಎರಡನೇ ತಿಂಗಳು ಕೂಗುತ್ತಾರೆ, ಆಮೇಲೆ ‘ಏನಿಲ್ಲ ಬಿಡಿ’ ಅಂತ ಕೈ ಬೀಸಿ ಹೊರಟುಹೋಗುತ್ತಾರೆ. ಲೋಕದಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ ಅನ್ನುವುದು ಬೀಗದಣ್ಣನ ಅಭಿಪ್ರಾಯ. ಹೆಂಡತಿ ಬಹಳ ಕಾಲ ಕೂಗಿದಳು. ಗಂಟಲು ಕಟ್ಟಿಹೋಗಿ, ಸಂಸಾರದ ಗುಟ್ಟೆಲ್ಲ ಅಕ್ಕಪಕ್ಕದವರ ಪಾಲಾದ ಮೇಲೆ ಅವಳ ಮಾತು ಮೂರಕ್ಕೆ ಇಳಿಯಿತು: ಊಟ, ಸ್ನಾನ, ಗಿರಾಕಿ. ‘ಫೋನಲ್ಲಿ ಬರೆದು ತೋರಿಸು’ ಅಂತ ಅವನು ಒಮ್ಮೆ ಕೇಳಿದ್ದ. ಒಂದೇ ಸೂರಿನಡಿ ಇರೋ ಗಂಡನಿಗೆ ಓಲೆ ಬರೀಬೇಕಾ ಅಂತ ಅವಳಿಗೆ ಕೆಟ್ಟ ಸಿಟ್ಟು ಬಂದಿತ್ತು.

ಆ ದಿನಗಳಲ್ಲೇ ಅವನು ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದು. ಹೆಸರು ‘ಲೋಹದ ಹುಚ್ಚರು’. ಹೊಟ್ಟೆಪಾಡಿಗೆ ಬೇರೇನೋ ಮಾಡಿಕೊಂಡು, ರಜೆ ಸಿಕ್ಕಿದ್ದೇ ತಡ ಹಿತ್ತಲಲ್ಲಿ ಕಬ್ಬಿಣ ಬಡಿಯುವ, ಅಲ್ಯೂಮಿನಿಯಂ ಕರಗಿಸುವ, ಲೋಹ ಕಡೆಯುವ ಹಳೇ ಲೇತ್ ಹೊತ್ತು ತಂದು ಮನೆಯವರ ಹತ್ತಿರ ಉಗಿಸಿಕೊಳ್ಳುವ ಜನ. ಮೊದಲಿಗೆ ಐವರು, ಈಗ ಒಂಬೈನೂರ ನಲವತ್ತು. ಅಲ್ಲಿ ಯಾರೂ ಅವನಿಗಾಗಿ ಕೂಗಬೇಕಿರಲಿಲ್ಲ. ಬರೆದದ್ದನ್ನು ಎಲ್ಲರೂ ಕಣ್ಣಿನಿಂದಲೇ ಓದಬೇಕಾದ್ದರಿಂದ ಅಲ್ಲಿ ಎಲ್ಲರೂ ಅವನಷ್ಟೇ ಕಿವುಡರು. ಅಂಗಡಿಯಲ್ಲಿ ಮೂಗನಂತೆ ಕೂತಿರುವ ಮನುಷ್ಯ ಅಲ್ಲಿ ವಾಚಾಳಿ. ತಮಾಷೆ ಮಾಡುತ್ತಿದ್ದ, ಜಗಳ ಬಿಡಿಸುತ್ತಿದ್ದ, ಹೊಸಬರು ಏನು ಕೇಳಿದರೂ ಮೊದಲ ಉತ್ತರ ಅವನದೇ.

ಈ ಗುಂಪನ್ನು ಮೂರು ಮಾಡಬೇಕು ಅಂತ ಪಟ್ಟು ಹಿಡಿದವರು ಮೇಷ್ಟ್ರು. ಶಾಲೆಯಲ್ಲಿ ಗಣಿತ ಹೇಳುವವರು, ಭಾನುವಾರ ಕುಲುಮೆ ಹೊತ್ತಿಸಿ ಚಾಕು ಬಡಿಯುವವರು. ‘ದಿನಕ್ಕೆ ಮುನ್ನೂರು ಮಾತು ಬೀಳ್ತಾವೆ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಉತ್ತರ ಅಂಟಿಕೊಳ್ತಿದೆ. ಕುಲುಮೆಯವರಿಗೊಂದು, ಎರಕದವರಿಗೊಂದು, ಲೇತಿನವರಿಗೊಂದು ಗುಂಪಾಗಲಿ, ಹಳೇದನ್ನ ಖಾಲಿ ಮಾಡೋಣ’ ಅಂತ ಬರೆದು, ಮತಕ್ಕೇ ಹಾಕಿಬಿಟ್ಟರು. ಭಾನುವಾರ ಸಂಜೆ ಆರಕ್ಕೆ ಮತ ಮುಗಿಯುತ್ತದೆ.

ಬೀಗದಣ್ಣ ಕೂಡಲೇ ‘ಬೇಡ’ಕ್ಕೆ ಮತ ಹಾಕಿದ. ಅವನ ಕಷ್ಟ ಯಾರಿಗೂ ಹೊಳೆದಿರಲಿಲ್ಲ. ಬೀಗ ಮಾಡುವವನು ಒಂದಿಷ್ಟು ಕಾಸುತ್ತಾನೆ, ಒಂದಿಷ್ಟು ಅರದಲ್ಲಿ ಉಜ್ಜುತ್ತಾನೆ, ಒಂದಿಷ್ಟು ಲೇತಿಗೆ ಕೊಡುತ್ತಾನೆ. ಯಾವುದರಲ್ಲೂ ಪೂರ್ತಿ ಸೇರಿದವನಲ್ಲ. ಮೂರು ಗುಂಪಾದರೆ ಮೂರರಲ್ಲೂ ಅವನು ಬಾಗಿಲಲ್ಲಿ ನಿಂತ ನೆಂಟ. ಅವನಿಗೆ ಮಾತು ಉಳಿದಿದ್ದ ಜಾಗ ಅದೊಂದೇ, ಅದೂ ಹೋದರೆ ಇನ್ನು ‘ಏನಿಲ್ಲ ಬಿಡಿ’ ಅನ್ನುವವರ ನಡುವೆಯೇ ಬದುಕು ಮುಗಿಸಬೇಕು.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತ. ‘ಬೇಡ’ ಅನ್ನುವ ಕಡೆ ನಲವತ್ತು ಮತ ಮುಂದಿತ್ತು. ಇನ್ನೊಂದು ಏಟು ಹಾಕಿದರೆ ಮೇಷ್ಟ್ರ ಬಾಯಿ ಮುಚ್ಚುತ್ತದೆ ಅಂದುಕೊಂಡು ಹಳೆಯ ಮಾತುಗಳನ್ನು ಹಿಂದಕ್ಕೆ ಎಳೆಯುತ್ತಾ ಹೋದ. ಒಂದು ಕಸುಬಿನವನು ಇನ್ನೊಂದು ಕಸುಬಿನವನಿಗೆ ನೆರವಾದ ಕಡೆಯನ್ನೆಲ್ಲ ಹೆಕ್ಕಿ ಕಾಗದದಲ್ಲಿ ಗುರುತು ಹಾಕಿಕೊಂಡ. ಹದಿನಾರು ಸಿಕ್ಕಿದವು. ಹದಿನೇಳನೆಯದು ಗುರುವಾರದ್ದು, ಅವನದೇ ಉತ್ತರ. ನರ್ಸಮ್ಮ ಕೇಳಿದ್ದರು.

ನರ್ಸಮ್ಮ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ಈಚೆಗೆ ನಿವೃತ್ತರಾದವರು. ಗುಂಪಿಗೆ ಸೇರಿ ತಿಂಗಳಾಗಿರಲಿಲ್ಲ. ‘ಹದ ಬರ್ತಿಲ್ಲ. ಅಂಚು ನಿಲ್ತಾನೇ ಇಲ್ಲ. ನೀರು ಕಮ್ಮಿ ಆಯ್ತಾ?’ ಅಂತ ಅವರ ಪ್ರಶ್ನೆ. ಅದರ ಹಿಂದೆ ಮುಂದೆಲ್ಲ ಮೇಷ್ಟ್ರ ಚಾಕುವಿನದೇ ಗಲಾಟೆ. ಬೀಗದಣ್ಣ ಬರೆದಿದ್ದ: ‘ಹೌದಮ್ಮ. ನೀರಲ್ಲಿ ಜಿಪುಣತನ ಬೇಡ, ಧಾರಾಳವಾಗಿರಲಿ.’

ಒಳ್ಳೆಯ ಉತ್ತರ. ಕಾದ ಉಕ್ಕನ್ನು ಒಂದು ಲೋಟ ನೀರಿಗೆ ಅದ್ದಿದರೆ ನೀರೇ ಕುದಿಯುತ್ತದೆ, ಉಕ್ಕಿಗೆ ಹದ ಬರುವುದಿಲ್ಲ, ಚಾಕುವಿನ ಅಂಚು ನಿಲ್ಲುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹೋದ. ನಲವತ್ತು ಮಾತಿನ ಕೆಳಗೆ, ಅವನು ಅವತ್ತು ನೋಡದೇ ಬಿಟ್ಟ ನರ್ಸಮ್ಮನ ಮರುಮಾತು ಇತ್ತು. ‘ಹಾಗೇ ಮಾಡ್ತೀನಿ ಅಣ್ಣ. ಭಾನುವಾರ ನಾಲ್ಕಕ್ಕೆ ಮೊದಲನೇ ಸಲ ಸುರೀತೀನಿ. ಫೋಟೋ ಹಾಕ್ತೀನಿ.’

ಸುರೀತೀನಿ. ಚಾಕುವನ್ನು ಯಾರಾದರೂ ಸುರಿಯುತ್ತಾರೆಯೇ?

ಎರಕದವರಿಗೂ ಹದ ಉಂಟು, ಅದು ಮರಳಿನ ಹದ. ಅಚ್ಚಿನ ಮರಳಿಗೆ ನೀರು ಎಷ್ಟೆಂದರೆ, ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಕೈ ಒದ್ದೆಯಾಗಬಾರದು. ನೀರು ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ, ಅಷ್ಟೇ. ಹೆಚ್ಚಾದರೆ, ಕರಗಿದ ಲೋಹ ಮುಟ್ಟಿದ ಕ್ಷಣಕ್ಕೆ ಆ ನೀರು ಒಮ್ಮೆಲೇ ಆವಿಯಾಗಿ, ಲೋಹವನ್ನೆಲ್ಲ ಸುರಿದವರ ಮುಖಕ್ಕೇ ಎರಚುತ್ತದೆ. ಆ ಹೆಂಗಸಿಗೆ ಅವನು ನೀರು ಧಾರಾಳವಾಗಿರಲಿ ಅಂದಿದ್ದ.

ಗಂಟೆ ಮೂರೂ ಇಪ್ಪತ್ತು. ‘ನರ್ಸಮ್ಮ, ಸುರಿಯಬೇಡಿ’ ಅಂತ ಬರೆದ. ಅರೆಗಳಿಗೆಯಲ್ಲಿ ಅದರ ಮೇಲೆ ಮತದ ಜಗಳದ ಹನ್ನೊಂದು ಮಾತು ಬಿದ್ದು, ಅದು ಮೇಲಕ್ಕೆ ಸರಿದು ಮರೆಯಾಯಿತು. ಅವರಿಗೇ ಪ್ರತ್ಯೇಕವಾಗಿ ಬರೆದ, ಓದಿದ ಗುರುತು ಬರಲಿಲ್ಲ. ಫೋನ್ ಮಾಡಿದ. ಎತ್ತಿದರೋ ಇಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು? ‘ಸುರೀಬೇಡಿ, ಸುರೀಬೇಡಿ’ ಅಂತ ಫೋನಿಗೆ ಅರಚುತ್ತಲೇ ಮಹಡಿ ಹತ್ತಿದ. ಹೆಂಡತಿ ಫೋನು ಕಿತ್ತುಕೊಂಡು ಕಿವಿಗಿಟ್ಟು ಕೇಳಿದಳು, ಇಲ್ಲ ಅಂತ ತಲೆಯಾಡಿಸಿದಳು. ಬರೀ ಗಂಟೆ ಹೊಡೆಯುತ್ತಿತ್ತು.

ಅದೃಷ್ಟಕ್ಕೆ ನರ್ಸಮ್ಮನ ಮನೆ ಇದೇ ಊರಿನ ಇನ್ನೊಂದು ತುದಿ. ಹೋದ ತಿಂಗಳು ಅವರ ಗೇಟಿಗೆ ಬೀಗ ಕೂರಿಸಿದವನೂ ಅವನೇ. ಅವರಿಗೆ ಗುಂಪಿನ ರುಚಿ ಹತ್ತಿಸಿದ್ದೂ ಆಗಲೇ. ‘ಹತ್ತು, ಗಾಡಿ ಹತ್ತು’ ಅಂದ. ಯಾಕೆ ಎಲ್ಲಿಗೆ ಅಂತ ಕೇಳದೆ ಹೆಂಡತಿ ಸ್ಕೂಟರಿನ ಹಿಂದೆ ಕೂತಳು.

ಕಿವಿ ಹೋದ ಮೇಲೆ ಅವನು ಒಬ್ಬನೇ ಗಾಡಿ ಓಡಿಸಿದ್ದಿಲ್ಲ. ಹಿಂದಿನಿಂದ ಎಡಕ್ಕೆ ಗಾಡಿ ಬಂದರೆ ಅವಳು ಎಡ ಭುಜ ತಟ್ಟುತ್ತಾಳೆ, ಬಲಕ್ಕೆ ಬಂದರೆ ಬಲ ಭುಜ. ಅವತ್ತು ಅವಳ ಎರಡು ಕೈಗೂ ಬಿಡುವಿರಲಿಲ್ಲ. ಲಾರಿಯೊಂದು ಮೈಸವರಿ ಹೋಯಿತು. ಕೆಂಪು ದೀಪವನ್ನು ಅವನು ದಾಟಿದ್ದು ಜೀವಮಾನದಲ್ಲಿ ಅದೇ ಮೊದಲು. ತಲೆಯಲ್ಲಿ ಇದ್ದದ್ದು ಒಂದೇ, ಆ ಹೆಂಗಸು ಹೇಳಿದ ಸಮಯಕ್ಕೆ ಸರಿಯಾಗಿ ಮಾಡುವವರು, ಆಸ್ಪತ್ರೆಯ ರೂಢಿ. ನಾಲ್ಕು ಅಂದರೆ ನಾಲ್ಕೇ.

ನಾಲ್ಕಕ್ಕೆ ಮೂರು ನಿಮಿಷ ಇರುವಾಗ ಗೇಟಿನ ಮುಂದೆ ನಿಂತರು. ಒಳಗಿನಿಂದ ಬೀಗ. ಕಂಬಿಯ ಸಂದಿಯಲ್ಲಿ ಹಿತ್ತಲು ಕಾಣುತ್ತಿತ್ತು. ನರ್ಸಮ್ಮ ಚರ್ಮದ ಮೇಲಂಗಿ ತೊಟ್ಟು, ಮುಖಕ್ಕೆ ಕವಚ ಇಳಿಬಿಟ್ಟು, ಗೇಟಿಗೆ ಬೆನ್ನು ಹಾಕಿ ಒಲೆಯ ಮುಚ್ಚಳ ತೆಗೆಯುತ್ತಿದ್ದರು. ಹೆಂಡತಿ ಗಂಟೆ ಒತ್ತಿ ಒತ್ತಿ, ಒಲೆಯ ಗಾಳಿಯಂತ್ರದ ಕಡೆ ಕೈ ತೋರಿಸಿದಳು. ಅದರ ಸದ್ದಿನಲ್ಲಿ ಅವರಿಗೂ ಕೇಳುತ್ತಿಲ್ಲ. ಗೇಟಿನ ಬೀಗವೋ ಬೀಗದಣ್ಣನ ಕೈಯದೇ, ಕಳ್ಳರು ಎರಡು ತಾಸು ಬೆವರಬೇಕು ಅಂತ ಹೆಮ್ಮೆಯಿಂದ ಕೂರಿಸಿದ್ದು. ಆ ಹೆಮ್ಮೆಗೆ ಶಾಪ ಹಾಕುತ್ತಾ ಜೇಬಿನ ತಗಡಿನ ಪಟ್ಟಿ ತೂರಿಸಿದ. ಅದು ಎರಡು ಸಲ ಜಾರಿತು. ಮೂರನೇ ಸಲಕ್ಕೆ ಬೀಗ ಬಿಟ್ಟುಕೊಂಡಿತು.

ಅಷ್ಟರಲ್ಲಿ ನರ್ಸಮ್ಮ ಇಕ್ಕಳದಲ್ಲಿ ಮೂಸೆ ಎತ್ತಿ ಅಚ್ಚಿನ ಕಡೆ ತಿರುಗಿದ್ದರು. ಮೂಸೆಯ ತುಂಬ ಕರಗಿದ ಲೋಹ. ಹಿಂದಿನಿಂದ ಹೋಗಿ ಮುಟ್ಟಿದರೆ ಬೆಚ್ಚಿ ಬೀಳುತ್ತಾರೆ, ಬಿದ್ದರೆ ಇಬ್ಬರೂ ಸುಟ್ಟುಹೋಗುತ್ತಾರೆ. ಕಣ್ಣಿಗೆ ಬೀಳದೆ ದಾರಿಯಿಲ್ಲ. ಬೀಗದಣ್ಣ ಹಿತ್ತಲನ್ನು ಸುತ್ತು ಹಾಕಿ ಓಡಿ, ಅಚ್ಚಿಗೂ ಅವರಿಗೂ ನಡುವೆ ನಿಂತು ಎರಡೂ ಅಂಗೈ ಮೇಲೆತ್ತಿದ. ಮೂಸೆಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು.

ಬೇರೆ ಯಾರಾಗಿದ್ದರೂ ಇಕ್ಕಳ ಬಿಡುತ್ತಿದ್ದರು. ಎಂತೆಂಥ ರೋಗಿಗಳ ಎದುರೂ ಅಲುಗದಿದ್ದ ಕೈ ಅದು. ಎರಡು ಹೆಜ್ಜೆ ಹಿಂದಿಟ್ಟು, ಮೂಸೆಯನ್ನು ಒಲೆಗೇ ಇಳಿಸಿ, ಗಾಳಿಯಂತ್ರ ನಿಲ್ಲಿಸಿ, ಆಮೇಲೆ ಕವಚ ಎತ್ತಿದರು. ಬೀಗದಣ್ಣ ಅಚ್ಚಿನ ಮೂಲೆಯಿಂದ ಒಂದು ಹಿಡಿ ಮರಳು ತೆಗೆದು ಹಿಂಡಿದ. ಬೆರಳಿನ ಸಂದಿಯಿಂದ ನೀರು ತೊಟ್ಟಿಕ್ಕಿತು.

ನರ್ಸಮ್ಮ ಅವನ ಎದುರು ನಿಂತು, ಅವನಿಗೆ ತಿಳಿಯುವಂತೆ ತುಟಿ ಬಿಡಿಸಿ ನಿಧಾನವಾಗಿ ಕೇಳಿದರು. “ನೀವೇ ಅಲ್ವಾ ಅಣ್ಣ, ಧಾರಾಳವಾಗಿರಲಿ ಅಂದಿದ್ದು?”

“ನಾನೇ ಅಮ್ಮ. ಚಾಕು ಅಂದ್ಕೊಂಡೆ. ನಿಮ್ಮ ಪ್ರಶ್ನೆ ಸರಿಯಾಗಿ ನೋಡ್ಲೇ ಇಲ್ಲ. ಎರಕ ನಾನು ಮಾಡ್ದೋನೂ ಅಲ್ಲ, ಗುಂಪಲ್ಲಿ ಓದಿದ್ದಷ್ಟೇ.” ಅಷ್ಟು ಹೇಳಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. ಐವತ್ತೆಂಟರ ಗಂಡಸು ಹೆಂಗಸರಿಬ್ಬರ ಎದುರು ಮೂಗು ಸೋರಿಸಿಕೊಂಡು ಅತ್ತ. ನಾಚಿಕೆಯೇನೂ ಆಗಲಿಲ್ಲ.

ನೀರು ಕೊಟ್ಟು, ಅವನು ಸುಧಾರಿಸಿಕೊಂಡ ಮೇಲೆ ನರ್ಸಮ್ಮ ಫೋನಿನಲ್ಲಿ ಬರೆದು ತೋರಿಸಿದರು. ‘ಮತ ಇದೆ ಅಲ್ವಾ ಆರಕ್ಕೆ? ಇದು ಹೊರಗೆ ಬಂದ್ರೆ ಮೇಷ್ಟ್ರು ಗೆದ್ದ ಹಾಗೇ. ನಾನಂತೂ ಬಾಯಿ ಬಿಡಲ್ಲ.’

ಮನೆಗೆ ಬಂದಾಗ ಐದೂಕಾಲು. ‘ಬೇಡ’ದ ಕಡೆ ಈಗ ಐವತ್ತು ಮುಂದಿತ್ತು. ಸುಮ್ಮನಿದ್ದರೆ ಸಾಕು, ಮುಕ್ಕಾಲು ಗಂಟೆ ಸುಮ್ಮನಿದ್ದರೆ ಗುಂಪು ಅವನಿಗೆ ಉಳಿಯುತ್ತದೆ. ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಹೊಸದೇನೂ ಅಲ್ಲ. ಆದರೆ ಇನ್ನೊಂದು ಗುರುವಾರ ಬರುತ್ತದೆ, ಇನ್ನೊಬ್ಬರು ಹದ ಬರ್ತಿಲ್ಲ ಅನ್ನುತ್ತಾರೆ, ಇವನಂಥ ಇನ್ನೊಬ್ಬ ವಾಚಾಳಿ ಮೊದಲ ಉತ್ತರ ಕೊಡುತ್ತಾನೆ. ಆಗ ಆ ಮನೆ ಇದೇ ಊರಲ್ಲಿರುತ್ತದೆ ಅಂತ ಏನು ಖಾತ್ರಿ?

ಐದೂವರೆಗೆ ಎಲ್ಲವನ್ನೂ ಬರೆದ. ಪ್ರಶ್ನೆ, ತನ್ನ ಉತ್ತರ, ಹಿಂಡಿದ ಮರಳು, ಒಂದೂ ಬಿಡಲಿಲ್ಲ. ಕೊನೆಗೆ, ‘ಮೇಷ್ಟ್ರು ಹೇಳಿದ್ದೇ ಸರಿ. ನನ್ನ ಮತ ಬೇಕು ಅನ್ನೋ ಕಡೆಗೆ’ ಅಂತ ಬರೆದು ಕಳಿಸಿದ.

ಆಮೇಲೆ ಮತಗಳು ಈ ಕಡೆಯಿಂದ ಆ ಕಡೆಗೆ ಸರಿಯತೊಡಗಿದವು. ಆರು ಹೊಡೆಯುವಾಗ ಮೇಷ್ಟ್ರು ಇನ್ನೂರು ಮತದಿಂದ ಗೆದ್ದಿದ್ದರು. ಒಳ್ಳೆಯ ಮನುಷ್ಯ, ಗೆದ್ದೆ ಅಂತ ಒಂದು ಮಾತೂ ಆಡಲಿಲ್ಲ. ‘ಬೀಗದಣ್ಣ, ನೀವು ಯಾವ ಗುಂಪಿಗೆ ಬರ್ತೀರಿ?’ ಅಂತಷ್ಟೇ ಕೇಳಿದರು. ಅವನು ಯಾವುದಕ್ಕೂ ಸೇರಲಿಲ್ಲ. ತನಗೆ ಗೊತ್ತಿಲ್ಲದ ಕಡೆ ಬಾಯಿ ಹಾಕುವುದಿಲ್ಲ ಅಂತ ಆ ಮೆಟ್ಟಿಲ ಮೇಲೆ ಕೂತಾಗಲೇ ನಿರ್ಧಾರವಾಗಿತ್ತು.

ಬುಧವಾರದ ಹೊತ್ತಿಗೆ ಹಳೆಯ ಗುಂಪು ಖಾಲಿಯಾಯಿತು. ಒಬ್ಬೊಬ್ಬರೇ ಕೈಮುಗಿದು ಹೋದರು. ಕೊನೆಗೆ ಹೆಸರು ಉಳಿದದ್ದು ಒಂದೇ. ಬೀಗದಣ್ಣ ಊಟಕ್ಕೆ ಕೂತವನು ತಟ್ಟೆಯ ಪಕ್ಕ ಫೋನಿಟ್ಟುಕೊಂಡು, ಮುಚ್ಚಿಬಿಡಲೋ ಬೇಡವೋ ಅಂತ ನೋಡುತ್ತಿದ್ದ. ಹೆಂಡತಿ ಬಂದು ಇಣುಕಿದಳು. ಬೆರಳಿನಲ್ಲೇ ಕೇಳಿದಳು, ಎಲ್ಲರೂ ಹೋದರಾ, ನಿಮ್ಮದು ಯಾವುದು ಅಂತ.

“ಬೀಗಕ್ಕೆ ಯಾವ ಕೋಣೆ ಅಂತ ಇರುತ್ತೆ? ಬಾಗಿಲಿಗೆ ನೇತಾಡೋದೇ ಅದರ ಹಣೆಬರಹ” ಅಂದ. ನಗಿಸಲು ಹೇಳಿದ್ದು. ಅವಳು ನಗಲಿಲ್ಲ. ಒಳಗೆ ಹೋಗಿ, ತಂಗಿಯ ಜೊತೆ ಮಾತಾಡುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಮುಟ್ಟದ ತನ್ನ ಫೋನು ತಂದು ಅವನ ತಟ್ಟೆಯ ಮುಂದೆ ಇಟ್ಟಳು. ತನ್ನನ್ನು ಆ ಖಾಲಿ ಗುಂಪಿಗೆ ಸೇರಿಸಿ ಅಂತ ಸನ್ನೆ ಮಾಡಿದಳು. ಸೇರಿಸಿದ. ಅವಳು ಎದುರಿಗೇ ಕೂತು ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ ಬರೆದಳು.

‘ಹಿತ್ತಲ ನಲ್ಲಿ ಸೋರೋಕೆ ಶುರುವಾಗಿ ಮೂರು ತಿಂಗಳಾಯ್ತು. ಊರವರ ಬೀಗ ಎಲ್ಲ ಸರಿ ಮಾಡ್ತೀರಿ.’

ಬೀಗದಣ್ಣ ಕಣ್ಣೊರೆಸಿಕೊಂಡು ನಕ್ಕ. ನಾಳೆಯೇ ಮಾಡ್ತೀನಿ ಅನ್ನಲು ಬಾಯಿ ತೆರೆದ. ಅವಳು ತಲೆ ಎತ್ತಲಿಲ್ಲ, ಇನ್ನೂ ಬರೆಯುತ್ತಿದ್ದಳು. ಅನ್ನ ಆರಿಹೋಯಿತು. ಬಹಳ ಹೊತ್ತಿನ ಮೇಲೆ ಎರಡನೆಯದು ಬಂತು.

‘ಮೊನ್ನೆ ಆ ಬೆಂಕಿ ಮುಂದೆ ಹೋಗಿ ನಿಂತ್ರಲ್ಲ. ಬೇಡ ರೀ ಬೇಡ ರೀ ಅಂತ ಗೇಟು ಹಿಡ್ಕೊಂಡು ಎಷ್ಟು ಕೂಗಿದೆ ಗೊತ್ತಾ.’