ಬಿಲಿಯರ್ಡ್ಸ್ ಮೇಜಿನ ಬನಾತು

ಬಟ್ಟೆ ವ್ಯಾಪಾರಿಯ ಕೈ ಅವನ ಮಾತು ಕೇಳುವುದಿಲ್ಲ. ಬಟ್ಟೆ ಎಲ್ಲಿ ಕಂಡರೂ ಸವರಿ ನೋಡುತ್ತದೆ.

ನಿಜಾಮರ ಅಧಿಕಾರಿ ತಾಲೂಕ್‌ದಾರ ಸಾಹೇಬರ ಚಪರಾಸಿಗಳಿಗೆ ಕೋಟಿನ ಬಟ್ಟೆ ಒದಗಿಸುವ ಕೆಲಸ ಹಿಡಿಯಲೆಂದು ನಿಲಂಗಾದಿಂದ ಉದಗೀರಕ್ಕೆ ಹೋಗಿದ್ದೆ. ಸಾಹೇಬರು ಬಂಗಲೆಯಲ್ಲಿ ಒಬ್ಬ ಬಿಳಿಯನ ಜೊತೆ ಬಿಲಿಯರ್ಡ್ಸ್ ಆಡುತ್ತಿದ್ದರು. ಆತ ವರ್ಷವಿಡೀ ದೇಶದೇಶ ಸುತ್ತಿ, ಪಂದ್ಯವಾಡಿಯೇ ಹೊಟ್ಟೆ ಹೊರೆಯುವವನಂತೆ. ಹೈದರಾಬಾದಿಗೆ ಹೊರಟವನು ನಡುವೆ ಸಾಹೇಬರ ಅತಿಥಿಯಾಗಿದ್ದ.

ಸಾಹೇಬರದು ಕೊನೆಯ ಹೊಡೆತ. ಚೆಂಡು ಮೂಲೆಯ ತೂತಿನ ಕಡೆ ಉರುಳುತ್ತಿತ್ತು. ಬಿದ್ದರೆ ಗೆಲುವು ಅವರದು. ಅಷ್ಟರಲ್ಲಿ ನನ್ನ ಕೈ ಮೇಜಿಗೆ ಹೊದಿಸಿದ ಹಸಿರು ಉಣ್ಣೆಬಟ್ಟೆಯ, ಆ ಬನಾತಿನ ಮೇಲೆ ಹೋಗಿಬಿಟ್ಟಿತ್ತು. ಚೆಂಡು ಬಂದು ಬೆರಳಿಗೆ ಬಡಿದು ನಿಂತಿತು.

"ಏನ್ ಮಾಡಿದ್ರಿ ಸಾವಕಾರ್ರ!" ಎಂದು ಪಕ್ಕದಲ್ಲಿದ್ದ ಸಾಹೇಬರ ಗುಮಾಸ್ತ ಪೇಶಕಾರರು ಹೌಹಾರಿದರು. ಸಾಹೇಬರ ಮುಖ ಕೆಂಪಾಯಿತು. ನಾನು ಕೋಟಿನ ಆಸೆ ಬಿಟ್ಟೆ.

"ಬಟ್ಟಿ ನೋಡಿದ್ನಿ ರೀ. ಹಿಂಗ ಸವರಿದ್ರ ನುಣುಪು, ಹಂಗ ಸವರಿದ್ರ ಒರಟು. ಭಾರಿ ಮಾಲ್ ಐತಿ," ಎಂದೆ.

ಪೇಶಕಾರರು ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಬಿಳಿಯ ನಕ್ಕುಬಿಟ್ಟ. ಯಾವ ದೇಶಕ್ಕೆ ಹೋದರೂ ತಾನೂ ಮೊದಲು ಮೇಜನ್ನು ಹೀಗೇ ಸವರುವುದಂತೆ. ಆಮೇಲೆ ಸಾಹೇಬರ ಕೈ ಕುಲುಕಿ, ಚೆಂಡು ಬಿದ್ದಂತೆಯೇ ಲೆಕ್ಕ, ಗೆಲುವು ನಿಮ್ಮದೇ ಎಂದ. ಸಾಹೇಬರು ಅರಳಿದರು. ಕೋಟಿನ ಬಟ್ಟೆ ನನ್ನಲ್ಲೇ ಕೊಳ್ಳಲು ಅಲ್ಲೇ ಹುಕುಂ ಆಯಿತು.

ನನ್ನ ಬೆರಳು ತಡೆಯದಿದ್ದರೂ ಆ ಚೆಂಡು ತೂತು ತಪ್ಪಿ ಗೇಣು ದೂರ ಹೋಗುವುದಿತ್ತು. ಅದು ನನಗೂ ಕಂಡಿತ್ತು, ಬಿಳಿಯನಿಗೂ ಕಂಡಿತ್ತು. ಇಬ್ಬರೂ ಊರೂರು ತಿರುಗಿ ಬದುಕುವ ಮಂದಿ. ಗಿರಾಕಿಯ ಮುಂದೆ ಅಂಥದ್ದನ್ನು ಬಾಯಿಬಿಡುವುದಿಲ್ಲ.