ಪೀಪಾಯಿಗೆ ಇಟ್ಟ ಕುಂಕುಮ

ನನ್ನ ಗಂಡನಿಗೆ ಹಾಲಿಗೆ ಹೆಪ್ಪು ಹಾಕಲು ಬರುವುದಿಲ್ಲ. ಕುದಿಯುವ ಹಾಲಿಗೆ ಹಾಕಿ ಒಡೆಸುತ್ತಾನೆ, ಇಲ್ಲವೇ ಫ್ರಿಜ್ಜಿನಿಂದ ತೆಗೆದ ಹಾಲಿಗೇ ಹಾಕಿ, ಬೆಳಿಗ್ಗೆ ಅದು ಹಾಲಾಗಿಯೇ ಇರುವುದನ್ನು ಕಂಡು ಅಮೆರಿಕದ ಹಸುಗಳನ್ನು ಬೈಯುತ್ತಾನೆ. ಇಂಥವನು ಮನೆಯಲ್ಲಿ ಬಿಯರ್ ತಯಾರಿಸುತ್ತಾನೆಂದು ಸಾಂಟಾ ಕ್ಲಾರಾದಿಂದ ಡ್ಯಾನ್‌ವಿಲ್‌ವರೆಗಿನ ನಮ್ಮ ಕನ್ನಡ ಬಳಗವೆಲ್ಲ ನಂಬಿಕೊಂಡಿತ್ತು.

ಬಿಯರ್ ಮಾಡುತ್ತಿದ್ದವಳು ನಾನು. ಕ್ಯಾಂಪ್‌ಬೆಲ್‌ನ ನಮ್ಮ ಮನೆಯ ಗರಾಜಿನಲ್ಲಿ, ವಾಷಿಂಗ್ ಮೆಷಿನ್ನಿನ ಪಕ್ಕ, ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಪೀಪಾಯಿ. ಕೆಳಗೆ ನಲ್ಲಿ, ಮೇಲೆ ತಿರುಗಿಸುವ ಮುಚ್ಚಳ. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬಿಸಲು ಒದ್ದಾಡಿ ಒದ್ದಾಡಿ, ಹುಳಿ ಬರಿಸುವುದೆಂದರೇನೆಂಬುದರ ಹಿಂದೆ ಬಿದ್ದವಳು ಬಿಯರಿಗೆ ಬಂದು ತಲುಪಿದ್ದೆ. ಮೊದಲ ಸಲದ್ದು ಪಾತ್ರೆ ತೊಳೆದ ನೀರಿನಂತಿತ್ತು. ಎರಡನೆಯದನ್ನು ನಿಂಬೆ ಗಿಡಕ್ಕೆ ಸುರಿದೆ, ಗಿಡವೂ ಬಾಡಿತು. ಮೂರನೆಯದು ಕೊನೆಗೂ ಹದಕ್ಕೆ ಬರುತ್ತಿದೆ ಎನ್ನುವಷ್ಟರಲ್ಲಿ ಮೈಸೂರಿನಿಂದ ಅತ್ತೆ ಬರುವ ಸುದ್ದಿ ಬಂತು.

"ಅಮ್ಮ ಇರೋವರೆಗೂ ನಾನು ಮಾಡ್ತಿದೀನಿ ಅಂತ ಹೇಳೋಣ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು," ಅಂದ ಗಂಡ.

ಮಗ ಮಾಡಿದರೆ ಹವ್ಯಾಸ, ಸೊಸೆ ಮಾಡಿದರೆ ಮನೆತನದ ಮರ್ಯಾದೆಯ ಪ್ರಶ್ನೆ. ಒಪ್ಪಿಕೊಂಡೆ, ನನ್ನ ಕರ್ಮ. ಅತ್ತೆ ಬರುತ್ತಾರೆಂದು, ಗಂಡನನ್ನು 'ನೀನು' ಎನ್ನುತ್ತಿದ್ದವಳು ಅವರೆದುರಿಗೆ 'ರೀ' ಎನ್ನಲು ಶುರು ಮಾಡಿದ್ದೆನಲ್ಲ, ಇದೂ ಅದರ ಜೊತೆಗೆ ಹೋಗಲಿ ಎಂದುಕೊಂಡೆ. ಆದರೆ ಅವನು ಅಮ್ಮನಿಗೆ ಹೇಳಿ ಸುಮ್ಮನಾಗಲಿಲ್ಲ. ಆಫೀಸಿನಲ್ಲಿ ಹೇಳಿದ, ಸ್ನೇಹಿತರಿಗೆ ಹೇಳಿದ, ವಾಟ್ಸಾಪ್ ಗುಂಪಿನಲ್ಲಿ ಪೀಪಾಯಿಯ ಮೇಲೆ ಕೈಯಿಟ್ಟು ನಿಂತ ಫೋಟೋ ಹಾಕಿದ. ಆಯುಧಪೂಜೆಯ ಮರುದಿನ ಹಿತ್ತಲಿನಲ್ಲಿ ಎಲ್ಲರಿಗೂ ಊಟ, 'ನನ್ನ ಬಿಯರು' ಎಂದು ಕರೆಯೋಲೆಯನ್ನೂ ಕಳಿಸಿದ. ಅದನ್ನು ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ ಒದ್ದಾಡಿದ್ದಕ್ಕೆ ಒಬ್ಬರಾದರೂ ನನ್ನ ಮುಖ ನೋಡಿ 'ಚೆನ್ನಾಗಿ ಮಾಡಿದೀಯಮ್ಮ' ಎನ್ನಬೇಕೆಂಬ ಆಸೆ ನನಗಿತ್ತು. ಅಷ್ಟನ್ನೂ ಇವನು ಹೊಡೆದುಕೊಂಡು ಹೋದ.

ಅತ್ತೆ ಬಂದರು. ಸೂಟ್‌ಕೇಸಿನ ಅರ್ಧ ಸಾರಿನ ಪುಡಿ. ನನ್ನ ಗಂಡ ಮೂಸಿ ನೋಡಿ, "ಅಜ್ಜಿ ಪುಡಿ ಅಂದ್ರೆ ಅಜ್ಜಿ ಪುಡಿನೇ," ಎಂದು ಕಣ್ಣು ಮುಚ್ಚಿದ. ಅತ್ತೆಯ ಅತ್ತೆಯಾದ ಆ ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದರೂ ಅವರ ಮನೆಯಲ್ಲಿ ಆ ಪುಡಿ ಅಜ್ಜಿಯದೇ. ಅತ್ತೆ ಏನೂ ಹೇಳದೆ ಡಬ್ಬಿ ತುಂಬಿಸುತ್ತಿದ್ದರು. ಗರಾಜಿನ ಪೀಪಾಯಿಯನ್ನು ಮಗ ತೋರಿಸಿದಾಗಲೂ ಅಷ್ಟೇ. "ಹೂಂ. ಹುಷಾರಪ್ಪ," ಎಂದಷ್ಟೇ ಹೇಳಿ ಒಳಗೆ ನಡೆದರು.

ಆ ವಾರ ಕೊನೆಯ ಕೆಲಸ ಒಂದು ಬಾಕಿಯಿತ್ತು. ಹಾಪ್ಸ್ ಎಂಬ ಬಳ್ಳಿಯ ಒಣಗಿದ ಹಸಿರು ಹೂವುಗಳಿವೆ. ಬಿಯರಿನ ಕಹಿಯೂ ಘಮವೂ ಅವುಗಳದೇ. ಕುದಿಸುವಾಗ ಹಾಕಿದ್ದರ ಘಮ ಹಾರಿಹೋಗುತ್ತದೆಂದು, ಎಲ್ಲ ಹುದುಗಿ ತಣ್ಣಗಾದ ಮೇಲೆ ಇನ್ನೊಂದಿಷ್ಟನ್ನು ಹಾಗೇ ಒಣದಾಗಿ ಪೀಪಾಯಿಗೆ ಹಾಕಿ ಮುಚ್ಚಿಡಬೇಕು. ಸಾರು ಇಳಿಸಿದ ಮೇಲೆ ಇಂಗಿನ ಒಗ್ಗರಣೆ ಕೊಟ್ಟು ತಟ್ಟೆ ಮುಚ್ಚುತ್ತೇವಲ್ಲ, ಹಾಗೆ. ಬಿಳಿ ತೆಳು ಬಟ್ಟೆಯ ಚೀಲದಲ್ಲಿ ಹೂವು ತುಂಬಿ, ಮುಳುಗಲೆಂದು ಎರಡು ಸ್ಟೀಲ್ ಚಮಚ ಸೇರಿಸಿ, ದಾರ ಕಟ್ಟಿ ಒಳಗಿಳಿಸಿದೆ. ತೆಗೆಯುವ ಹೊತ್ತಿಗೆ ತೆಗೆಯಬೇಕು. ತಡವಾದರೆ ಘಮ ಹೋಗಿ ಹುಲ್ಲಿನ ವಾಸನೆ ಹಿಡಿಯುತ್ತದೆ. ಬಟ್ಟೆ ಒಗೆಯುವ ನೆಪದಲ್ಲಿ ದಿನಾ ಹೋಗಿ ನಲ್ಲಿಯಿಂದ ಒಂದು ಗುಟುಕು ಹಿಡಿದು ಮೂಸುತ್ತಿದ್ದೆ. ಆಯುಧಪೂಜೆಯ ಬೆಳಿಗ್ಗೆ ಮೂಸಿದಾಗ ಕಿತ್ತಳೆ ಸಿಪ್ಪೆಯ ಘಮ ಮೂಗಿಗೆ ಹೊಡೆಯಿತು. ಖುಷಿಯಿಂದ ಅಲ್ಲೇ ಒಂದು ಸುತ್ತು ಕುಣಿದೆ. ಸಂಜೆ ಚೀಲ ತೆಗೆದರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ.

ಮಧ್ಯಾಹ್ನ ಗರಾಜಿನಲ್ಲಿ ಪೂಜೆ. ಎರಡು ಕಾರು, ಗಂಡನ ಲ್ಯಾಪ್‌ಟಾಪು, ನನ್ನ ಮಿಕ್ಸಿ, ಒಂದು ಸ್ಕ್ರೂಡ್ರೈವರು. ಅತ್ತೆ ಒಂದೊಂದಕ್ಕೂ ಅರಿಶಿನ ಕುಂಕುಮ ಇಡುತ್ತ ಬಂದವರು ಪೀಪಾಯಿಯ ಮುಂದೆ ನಿಂತರು.

"ಇದಕ್ಕೂ ಇಡಲಾ?"

"ಇಡಮ್ಮ, ಇಡು. ನನ್ನ ಹಾಬಿ ಅಲ್ವಾ," ಅಂದ ಮಗರಾಯ.

ಅತ್ತೆ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಮುಚ್ಚಳದ ಮೇಲೆ ದೊಡ್ಡದಾಗಿ ಕುಂಕುಮ ಇಟ್ಟು, ಚೆಂಡು ಹೂವಿನ ಹಾರವನ್ನು ಅದಕ್ಕೇ ಸುತ್ತಿದರು. ಮಂಗಳಾರತಿ ಆಯಿತು. ಆಗಲೇ ನನಗೆ ಸಂಜೆ ತೆಗೆಯಬೇಕಾದ ಚೀಲ ನೆನಪಾಯಿತು. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಿಗ್ಗೆ ಕದಲಿಸುವವರೆಗೆ ಮುಟ್ಟುವ ಹಾಗಿಲ್ಲ. ಅಂದು ಕಾರನ್ನೇ ತೆಗೆಯುವುದಿಲ್ಲ, ಕೊತ್ತಂಬರಿ ಸೊಪ್ಪು ಬೇಕಾದರೂ ನಡೆದೇ ಹೋಗಬೇಕು.

ಸಂಜೆ ಗಂಡನನ್ನು ಅಡುಗೆಮನೆಯ ಮೂಲೆಗೆ ಎಳೆದೆ. "ಚೀಲ ತೆಗೀಬೇಕು ಕಣೋ. ಅತ್ತೆಗೆ ನೀನೇ ಹೇಳು, ನಿಂದೇ ತಾನೇ ಬಿಯರು?"

"ಪೂಜೆ ಮಾಡಿದ್ದನ್ನ ಹೇಗೆ ಬಿಚ್ಚೋದು? ಒಂದು ರಾತ್ರಿ ತಾನೇ, ಏನೂ ಆಗಲ್ಲ ಬಿಡು," ಅಂದ. ಹಬ್ಬದ ದಿನ ಜನಿವಾರ ಎಲ್ಲಿದೆ ಎಂದು ಹುಡುಕುವ ಆಸಾಮಿಗೆ ಆ ಸಂಜೆ ಎಲ್ಲಿಲ್ಲದ ಭಕ್ತಿ ಉಕ್ಕಿತ್ತು. ನಾನೇ ಹೋಗಿ ಹೇಳಬಹುದಿತ್ತು. ಅತ್ತೆ ಸೋಫಾದ ಮೇಲೆ ಕೂತು ಹೂವು ಕಟ್ಟುತ್ತಿದ್ದರು. ಎರಡು ಸಲ ಅವರ ಮುಂದೆ ನಿಂತು, ಕಾಫಿ ಬೇಕಾ ಎಂದು ಕೇಳಿ ವಾಪಸು ಬಂದೆ.

ಬೆಳಿಗ್ಗೆ ಪೂಜೆ ಕದಲಿಸಿದ ತಕ್ಷಣ ಹೋಗಿ ಚೀಲ ಎಳೆದೆ. ನಲ್ಲಿಯಿಂದ ಹಿಡಿದು ಮೂಸಿದರೆ ಕಿತ್ತಳೆಯಿಲ್ಲ, ಆಗ ತಾನೇ ಕತ್ತರಿಸಿದ ಲಾನಿನ ವಾಸನೆ. ವಾಷಿಂಗ್ ಮೆಷಿನ್ನಿಗೆ ಒರಗಿಕೊಂಡು ಅತ್ತುಬಿಟ್ಟೆ.

ಸಂಜೆ ಬಳಗವೆಲ್ಲ ಬಂತು. ನಾನು ಗೋಬಿ ಮಂಚೂರಿಯ ಟ್ರೇ ಹಿಡಿದು ಓಡಾಡುತ್ತಿದ್ದೆ. ಡ್ಯಾನ್‌ವಿಲ್‌ನಲ್ಲಿರುವ ಗಂಡನ ಸ್ನೇಹಿತನೊಬ್ಬ ಇಂಥ ವಿಷಯದಲ್ಲಿ ನಮ್ಮ ಬಳಗದ ಸುಪ್ರೀಂ ಕೋರ್ಟು. ಗ್ಲಾಸನ್ನು ಬೆಳಕಿಗೆ ಹಿಡಿದ, ಅಲ್ಲಾಡಿಸಿದ, ಮೂಗನ್ನು ಪೂರ್ತಿ ಒಳಗಿಟ್ಟ.

"ಗುರು, ಏನು ಫ್ರೆಶ್ ಆಗಿದೆ. ಈ ಹಸಿರು ಟೇಸ್ಟ್ ಹೇಗೆ ತಂದೆ?"

ಹಾಳಾದದ್ದನ್ನೇ ಹುಡುಕಿ ಹೊಗಳುತ್ತಾನಲ್ಲ, ಇವನ ಸುಪ್ರೀಂ ಕೋರ್ಟಿಗಿಷ್ಟು ಬೆಂಕಿ ಹಾಕ ಎಂದುಕೊಂಡೆ. ನನ್ನ ಗಂಡ ನಿಧಾನವಾಗಿ ಮುಗುಳ್ನಕ್ಕ. "ಅದೆಲ್ಲ ಟೈಮಿಂಗು. ಹಾಪ್ಸನ್ನ ಬೇಕಂತಲೇ ಒಂದು ರಾತ್ರಿ ಜಾಸ್ತಿ ಬಿಟ್ಟೆ."

ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಬಾದಾಮಿ ಹಾಲು ಕುಡಿಯುತ್ತಿದ್ದ ಅತ್ತೆ ತಲೆಯೆತ್ತಿದರು.

"ಏನನ್ನ ಬಿಟ್ಟೆ?"

"ಹಾಪ್ಸ್ ಅಮ್ಮ."

"ಅದು ಹೇಗಿರತ್ತೆ?"

ಗಂಡ ನನ್ನ ಕಡೆ ನೋಡಿದ. ನಾನು ಗೋಬಿಯನ್ನು ನೋಡಿದೆ. "ಅದು… ಪುಡಿ ಥರ ಬರತ್ತೆ," ಅಂದ.

"ಹೂವು ಕಣೋ. ಹಸಿರು ಹೂವು. ಬಿಳಿ ಚೀಲದಲ್ಲಿ ಚಮಚ ಹಾಕಿ ಕಟ್ಟಿ ಬಿಟ್ಟಿದ್ದು ಇವಳು. ನಾನು ಬಾಗಿಲಲ್ಲಿ ನಿಂತು ನೋಡಿದೀನಿ. ದಿನಾ ಹೋಗಿ ಮೂಸ್ತಿದ್ದದ್ದೂ ಇವಳೇ. ನೀನು ಅದರ ಹತ್ರ ಹೋಗಿದ್ದು ಫೋಟೋ ತೆಗೆಸ್ಕೊಳ್ಳೋಕೆ." ಹಾಲಿನ ಲೋಟ ಕೆಳಗಿಟ್ಟು ಸ್ನೇಹಿತನ ಕಡೆ ತಿರುಗಿದರು. "ಕುಡಿಯೋದು ನಂಗೆ ಸೇರಲ್ಲಪ್ಪ, ಅದು ಬೇರೆ ಮಾತು. ಚೆನ್ನಾಗಿದ್ರೆ ಅವಳಿಗೆ ಹೇಳು."

ಡ್ಯಾನ್‌ವಿಲ್‌ನವನು ಗ್ಲಾಸು ಹಿಡಿದುಕೊಂಡೇ ಎದ್ದು ನಿಂತು, "ಚೆನ್ನಾಗಿದೆ ಮೇಡಂ," ಎಂದು ನನಗೆ ಹೇಳಿದ. ಹಿತ್ತಲೆಲ್ಲ ನಗು. ನನ್ನ ಗಂಡನ ಕಿವಿಗಳು ಕೆಂಪಾಗಿದ್ದವು. ಟ್ರೇಯನ್ನು ಅವನ ಕೈಗೆ ಕೊಟ್ಟು ನಾನು ಒಳಗೆ ಬಂದುಬಿಟ್ಟೆ.

ಅತ್ತೆ ಹಿಂದೆಯೇ ಲೋಟ ಇಡಲು ಬಂದರು. "ಹುಲ್ಲು ವಾಸನೆ ಬರ್ತಿದೆ. ನಿನ್ನೆ ಬೆಳಿಗ್ಗೆ ನೀನು ಮೂಸಿ ಕುಣಿದಾಗ ಬಾಗಿಲವರೆಗೂ ಬೇರೆ ಘಮ ಬರ್ತಿತ್ತಲ್ಲ?"

ಹಿಂದಿನ ಸಂಜೆಯೇ ತೆಗೆಯಬೇಕಾಗಿದ್ದ ಚೀಲದ ಕತೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. "ನಿನ್ನ ಆಯುಧ ಅಂತಲೇ ಕಣೆ ನಾನು ಕುಂಕುಮ ಇಟ್ಟಿದ್ದು. ಕೆಲಸ ಬಾಕಿ ಇದೆ ಅತ್ತೆ ಅಂತ ಒಂದು ಮಾತು ಹೇಳಿದ್ರೆ ಅದನ್ನ ಬಿಟ್ಟು ಪೂಜೆ ಮಾಡ್ತಿದ್ದೆ. ಬಾಯಿ ಇರಲಿಲ್ವಾ?"

"ನಿಮ್ಮ ಭಯ ಅತ್ತೆ."

ಅವರು ಲೋಟ ತೊಳೆದು ಬೋರಲು ಹಾಕಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಶೆಲ್ಫಿನ ಮೇಲಿದ್ದ ಡಬ್ಬಿಯ ಕಡೆ ನೋಡಿದರು.

"ನಂಗೂ ನಮ್ಮತ್ತೆ ಭಯ ಇತ್ತು. ಆ ಸಾರಿನ ಪುಡಿ ನಂದು ಕಣೆ. ಇವತ್ತಿಗೂ ಅವರ ಹೆಸರಲ್ಲೇ ಇದೆ."